ಮಸಾಯಿ ಮಾರಾದ 8 ಟೆಂಟಿನ ಕ್ಯಾಂಪಲ್ಲಿ ಅಮ್ಮನ ಜೊತೆ 4 ರಾತ್ರಿ: ಹೋಗುವ ಆಸೆ ಇರುವವರು ಕೇಳಿ, ಹೋಗಿ ಬಂದವರು ಸೇರಿಸಿ

ಹೊಂಗೆನೆರಳು, ಮೈಸೂರು

ಫೆಬ್ರವರಿ ಕೊನೆಯ ವಾರ ಅಮ್ಮನನ್ನು ಕರೆದುಕೊಂಡು ಕೆನ್ಯಾಕ್ಕೆ ಹೋಗಿ ಬಂದೆ. ಅಮ್ಮನಿಗೆ 67 ವರ್ಷ. ಮದುವೆಯಾಗಿ ಹುಣಸೂರಿಗೆ ಬಂದಾಗಿನಿಂದ ನಾಗರಹೊಳೆ, ಕಬಿನಿ ನೋಡಿದವರು. ಮೈಸೂರು ಮೃಗಾಲಯದಲ್ಲಿ ಜಿರಾಫೆ ಎದುರು ನಿಂತಾಗಲೆಲ್ಲ "ಇದು ಬಯಲಲ್ಲಿ ಓಡೋದನ್ನ ಒಂದ್ಸಲ ನೋಡಬೇಕು" ಅನ್ನುತ್ತಿದ್ದರು. ಮೂರು ವರ್ಷ ದುಡ್ಡು ಕೂಡಿಟ್ಟು ಈ ಸಲ ಹೊರಟೆವು. ಹೋಗುವ ಮುಂಚೆ ಕನ್ನಡದಲ್ಲಿ ಹುಡುಕಿದೆ, ಜಾಸ್ತಿ ಏನೂ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವಿದ್ದದ್ದು ಮಾರಾ ರಾಷ್ಟ್ರೀಯ ಮೀಸಲಿನ ಒಳಗಲ್ಲ. ಅದಕ್ಕೆ ಅಂಟಿಕೊಂಡಿರುವ ನಬೋಯಿಶೋ ಕನ್ಸರ್ವೆನ್ಸಿಯಲ್ಲಿ, ಅಂದರೆ ಅಲ್ಲಿನ ಮಸಾಯಿ ಜನಾಂಗದ ಕುಟುಂಬಗಳು ತಮ್ಮ ಜಮೀನು ಸೇರಿಸಿ ಕಾಡುಪ್ರಾಣಿಗಳಿಗೆ ಬಿಟ್ಟಿರುವ ಬಯಲಿನಲ್ಲಿ. ಎರಡಕ್ಕೂ ನಡುವೆ ಬೇಲಿ ಇಲ್ಲ, ಪ್ರಾಣಿಗಳು ಅಲ್ಲಿಂದಿಲ್ಲಿಗೆ ಓಡಾಡಿಕೊಂಡಿರುತ್ತವೆ. ಆದರೆ ನಿಯಮಗಳು ಬೇರೆ. ಇದು ನನಗೆ ಮೊದಲು ಗೊತ್ತೇ ಇರಲಿಲ್ಲ. ಮೊದಲು ಮಾತಾಡಿದ ಟ್ರಾವೆಲ್ ಏಜೆಂಟ್ ಗೇಟಿನ ಪಕ್ಕದ ನೂರಕ್ಕೂ ಹೆಚ್ಚು ರೂಮಿನ ಹೋಟೆಲನ್ನು "ಚಿಕ್ಕ ಲಾಡ್ಜ್" ಅಂತ ಹೇಳಿ ಬುಕ್ ಮಾಡಲು ಹೊರಟಿದ್ದರು. ನಕ್ಷೆ ತೆಗೆದು ನೋಡಿದ ಮೇಲೆ ವಿಷಯ ಗೊತ್ತಾಗಿ ಅದನ್ನು ಬಿಟ್ಟೆ.

ಮುಂಬೈಯಿಂದ ನೈರೋಬಿಗೆ ನೇರ ವಿಮಾನ, ಆರು ಗಂಟೆ ಚಿಲ್ಲರೆ. ಒಂದು ರಾತ್ರಿ ಅಲ್ಲೇ ಇದ್ದು, ಬೆಳಿಗ್ಗೆ ವಿಲ್ಸನ್ ಅನ್ನುವ ಇನ್ನೊಂದು ಚಿಕ್ಕ ವಿಮಾನ ನಿಲ್ದಾಣದಿಂದ ಹನ್ನೆರಡು ಸೀಟಿನ ವಿಮಾನ ಹತ್ತಿದೆವು. ಮುಕ್ಕಾಲು ಗಂಟೆಯಲ್ಲಿ ಮಣ್ಣಿನ ರನ್‌ವೇ ಮೇಲೆ ಇಳಿಸಿತು. ಪಕ್ಕದಲ್ಲೇ ಜೀಬ್ರಾ ಮೇಯುತ್ತಿದ್ದವು. ಅಮ್ಮ ಮೆಟ್ಟಿಲ ಮೇಲೇ ನಿಂತುಬಿಟ್ಟರು, ಹಿಂದೆ ಇದ್ದವರು ಕಾಯಬೇಕಾಯಿತು.

ಕ್ಯಾಂಪಲ್ಲಿ ಇದ್ದದ್ದು 8 ಟೆಂಟ್. ದಪ್ಪ ಕ್ಯಾನ್ವಾಸ್ ಗೋಡೆ, ಮರದ ನೆಲ, ದೊಡ್ಡ ಮಂಚ, ಹಿಂದೆ ಬಚ್ಚಲುಮನೆ. ಸ್ನಾನಕ್ಕೆ ಬಕೆಟ್ ಷವರ್. ನೀರು ಬೇಕು ಅಂದಾಗ ಹೇಳಬೇಕು. ಒಬ್ಬರು ಬಿಸಿನೀರು ತಂದು ಟೆಂಟಿನ ಹಿಂದಿರುವ ಕ್ಯಾನ್ವಾಸ್ ಚೀಲಕ್ಕೆ ಸುರಿದು, ಹಗ್ಗದಲ್ಲಿ ಮೇಲಕ್ಕೆಳೆದು "ರೆಡಿ" ಅನ್ನುತ್ತಾರೆ. ಸುಮಾರು 20 ಲೀಟರ್. ಹಂಡೆ ನೀರಲ್ಲಿ ಸ್ನಾನ ಮಾಡಿ ಬೆಳೆದ ನಮಗೆ ಅಷ್ಟು ಧಾರಾಳವಾಗಿ ಸಾಕು. ಕರೆಂಟು ಸೋಲಾರ್‌ನಿಂದ. ಫೋನು, ಕ್ಯಾಮೆರಾ ಚಾರ್ಜ್ ಮಾಡುವುದು ಊಟದ ಟೆಂಟಿನಲ್ಲಿ.

ಕತ್ತಲಾದ ಮೇಲೆ ಒಬ್ಬರೇ ಹೊರಗೆ ಕಾಲಿಡುವ ಹಾಗಿಲ್ಲ. ಟಾರ್ಚ್ ಬೀಸಿದರೆ ಅಸ್ಕಾರಿ, ಅಂದರೆ ಕಾವಲಿನವರು, ಬಂದು ಜೊತೆಗೆ ಕರೆದೊಯ್ಯುತ್ತಾರೆ. ಮೊದಲ ರಾತ್ರಿ ಊಟ ಮುಗಿಸಿ ಬಂದು ಮಲಗಿದರೆ ಹೊದಿಕೆಯೊಳಗೆ ಕಾಲಿಗೆ ಬೆಚ್ಚಗೆ ಏನೋ ತಾಗಿತು. ಬಟ್ಟೆ ಸುತ್ತಿದ ಬಿಸಿನೀರಿನ ಚೀಲ. ಮಾರಾ ಸಮುದ್ರ ಮಟ್ಟಕ್ಕಿಂತ 1,500 ಮೀಟರ್‌ಗೂ ಎತ್ತರದಲ್ಲಿದೆ, ರಾತ್ರಿ ಚಳಿ ಇರುತ್ತದೆ. ಆಫ್ರಿಕಾ ಅಂದರೆ ಸುಡುಬಿಸಿಲು ಅಂದುಕೊಂಡು ಸ್ವೆಟರ್ ಬಿಟ್ಟು ಹೋಗಬೇಡಿ.

ಮಧ್ಯರಾತ್ರಿ ಸಿಂಹದ ಗರ್ಜನೆ ಕೇಳಿತು. ಸಿನಿಮಾದಲ್ಲಿ ಕೇಳುವ ಹಾಗಲ್ಲ ಅದು. ಎಲ್ಲೋ ನೆಲದೊಳಗಿಂದ ಬಂದ ಹಾಗೆ, ದೊಡ್ಡದಾಗಿ ಶುರುವಾಗಿ ಕೊನೆಗೆ ಏದುಸಿರಿನ ಹಾಗೆ ಸಣ್ಣದಾಗುತ್ತಾ ಹೋಗುತ್ತದೆ. ಅಮ್ಮ ನನ್ನ ಕೈ ಹಿಡಿದುಕೊಂಡರು. "ಹತ್ತಿರ ಇದೆಯಾ?" ಅಂದರು. ಬೆಳಿಗ್ಗೆ ಐದೂವರೆಗೆ ಕಾಫಿ ತಂದವರನ್ನು ಕೇಳಿದೆ. ಮೂರ್ನಾಲ್ಕು ಕಿಲೋಮೀಟರ್ ಆಚೆ ಇರಬಹುದು ಅಂದರು. ಗಾಳಿ ಸುಮ್ಮನಿದ್ದರೆ 8 ಕಿಲೋಮೀಟರ್ ದೂರಕ್ಕೂ ಕೇಳುತ್ತದಂತೆ.

ಉಳಿದದ್ದು ಕೇಳಿದ ಹಾಗೆ ಹೇಳುತ್ತೇನೆ.

ಬಯಲುಸೀಮೆ_ಹುಡುಗ

ಚೆನ್ನಾಗಿ ಬರೆದಿದ್ದೀರಿ ಅಕ್ಕ. ನೇರವಾಗಿ ಕೇಳುತ್ತೇನೆ. ಎಷ್ಟು ಖರ್ಚಾಯಿತು? ನಾವು ನಾಲ್ಕು ಜನ ಸ್ನೇಹಿತರು ಹೋದ ವರ್ಷ ಆಗಸ್ಟ್‌ನಲ್ಲಿ ಹೋಗಿದ್ದೆವು. ಮೀಸಲಿನ ಸೆಕೆನಾನಿ ಗೇಟಿನ ಹೊರಗೆ ಕಡಿಮೆ ಬೆಲೆಯ ಟೆಂಟ್, ನೈರೋಬಿಯಿಂದ ವ್ಯಾನಿನಲ್ಲಿ ಆರು ಗಂಟೆ ಪ್ರಯಾಣ. ನಮಗೂ ಸಿಂಹ, ಚೀತಾ, ವಲಸೆಯಲ್ಲಿ ನದಿ ದಾಟುವ ಹುಲ್ಲೆ ಜಾತಿಯ ವೈಲ್ಡ್‌ಬೀಸ್ಟ್ ಎಲ್ಲ ಸಿಕ್ಕವು. ಅಷ್ಟೊಂದು ಕೊಟ್ಟು ಚಿಕ್ಕ ಕ್ಯಾಂಪಿಗೆ ಹೋಗಲೇಬೇಕಾ?

ಹೊಂಗೆನೆರಳು, ಮೈಸೂರು

ಹೋಗಲೇಬೇಕು ಅಂತ ಖಂಡಿತ ಹೇಳುವುದಿಲ್ಲ. ಇಂಥ ಚಿಕ್ಕ ಕ್ಯಾಂಪುಗಳಲ್ಲಿ ಒಬ್ಬರಿಗೆ ಒಂದು ರಾತ್ರಿಗೆ 500 ಡಾಲರ್ ಆಸುಪಾಸಲ್ಲಿ ಶುರುವಾಗಿ ಸೀಸನ್‌ನಲ್ಲಿ 1,000 ದಾಟುತ್ತದೆ. ನಾವು ಹೋದದ್ದು ವಲಸೆಯ ಕಾಲ ಅಲ್ಲ, ಹಾಗಾಗಿ ಕಡಿಮೆ ಕಡೆಯಲ್ಲೇ ಇತ್ತು. ಊಟ, ದಿನಕ್ಕೆರಡು ಸಫಾರಿ, ಬಟ್ಟೆ ಒಗೆಯುವುದು ಎಲ್ಲ ಅದರಲ್ಲೇ ಬಂತು. ಆದರೂ ದೊಡ್ಡ ದುಡ್ಡೇ. ನಮಗೆ ಮೂರು ವರ್ಷ ಹಿಡಿಯಿತು ಅಂದೆನಲ್ಲ.

ಎಲ್ಲಿ ವ್ಯತ್ಯಾಸ ಅಂದರೆ, ಒಂದು ಸಂಜೆ ಚೀತಾ ತಾಯಿ ಮೂರು ಮರಿಗಳ ಜೊತೆ ಗೆದ್ದಲ ಹುತ್ತದ ಮೇಲೆ ಕೂತಿತ್ತು. ಅಲ್ಲಿದ್ದದ್ದು ನಮ್ಮದೊಂದೇ ಗಾಡಿ. ಎಂಜಿನ್ ಆಫ್ ಮಾಡಿ ಒಂದು ಗಂಟೆ ಕೂತೆವು. ಕನ್ಸರ್ವೆನ್ಸಿಯಲ್ಲಿ ಒಂದು ಪ್ರಾಣಿಯ ಹತ್ತಿರ ಐದಕ್ಕಿಂತ ಜಾಸ್ತಿ ಗಾಡಿ ನಿಲ್ಲುವ ಹಾಗಿಲ್ಲ. ರಾತ್ರಿ ಸಫಾರಿ ಇದೆ. ಗೈಡ್ ಜೊತೆ ನಡೆದುಕೊಂಡೂ ಹೋಗಬಹುದು. ಮೀಸಲಿನ ಒಳಗೆ ಇವೆರಡೂ ಇಲ್ಲ.

ಬಯಲುಸೀಮೆ_ಹುಡುಗ

ಅದು ನಿಜ. ನದಿ ದಾಟುವಾಗ ನಮ್ಮ ಸುತ್ತ ನಾನೇ ಎಣಿಸಿದ್ದು 43 ಗಾಡಿ. ಒಂದು ವ್ಯಾನ್ ದಡಕ್ಕೆ ಅಡ್ಡ ಬಂತು, ಮುಂದಿದ್ದ ಹಿಂಡು ತಿರುಗಿ ಓಡಿತು. ಎರಡು ಗಂಟೆಯಿಂದ ನೀರಿಗಿಳಿಯಲು ಧೈರ್ಯ ಮಾಡುತ್ತಿದ್ದ ಪ್ರಾಣಿಗಳು. ನಾನೂ ಆ ಗುಂಪಿನಲ್ಲಿ ಒಬ್ಬ ಅನ್ನುವುದು ಮನಸ್ಸಿಗೆ ಹಿಂಸೆಯಾಯಿತು.

ನೈರೋಬಿ_ಕನ್ನಡತಿ

ನಾನು ಇಲ್ಲೇ ಹನ್ನೊಂದು ವರ್ಷದಿಂದ ಇದ್ದೇನೆ, ಮೂಲ ಶಿವಮೊಗ್ಗ. ಕೆಲವು ವಿಷಯ ಸೇರಿಸುತ್ತೇನೆ.

ಮೀಸಲಿನ ಪ್ರವೇಶ ಶುಲ್ಕ 2024ರ ಜುಲೈಯಿಂದ ಬದಲಾಗಿದೆ. ವಿದೇಶಿಯರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200. "ಸಫಾರಿ ಅಗ್ಗ" ಅಂತ ಯಾರಾದರೂ ಹೇಳಿದರೆ ಈ ಶುಲ್ಕ ಸೇರಿದೆಯಾ ಅಂತ ಮೊದಲು ಕೇಳಿ. ವೀಸಾ ಬದಲು ಈಗ ಇಟಿಎ (ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿ), ಆನ್‌ಲೈನ್‌ನಲ್ಲೇ ಅರ್ಜಿ.

ಯೆಲ್ಲೋ ಫೀವರ್ ಲಸಿಕೆ ಮರೆಯಲೇಬೇಡಿ. ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡಿರಬೇಕು. ಹಳದಿ ಕಾರ್ಡು ಇಲ್ಲದೆ ಕೆನ್ಯಾದಿಂದ ಭಾರತಕ್ಕೆ ವಾಪಸ್ ಬಂದರೆ ವಿಮಾನ ನಿಲ್ದಾಣದಲ್ಲೇ ಕ್ವಾರಂಟೈನ್‌ಗೆ ಕಳಿಸಬಹುದು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ನಡೆಯುತ್ತದೆ. 60 ದಾಟಿದವರು ಡಾಕ್ಟರ್ ಹತ್ತಿರ ಮಾತಾಡಿಯೇ ಹಾಕಿಸಿಕೊಳ್ಳಿ. ಮಲೇರಿಯಾ ಮಾತ್ರೆಯ ವಿಷಯವನ್ನೂ ಆಗಲೇ ಕೇಳಿಬಿಡಿ.

ಪ್ಲಾಸ್ಟಿಕ್ ಕವರ್ ತರಬೇಡಿ. 2017ರ ಆಗಸ್ಟ್‌ನಿಂದ ಇಲ್ಲಿ ನಿಷೇಧ. ಚಕ್ಕುಲಿ, ಕೋಡುಬಳೆ ಡಬ್ಬಿಯಲ್ಲಿ ತನ್ನಿ. ಕಾಡಿನ ಪ್ರದೇಶಗಳಿಗೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿಯೂ 2020ರಿಂದ ಇಲ್ಲ.

ಹೊಂಗೆನೆರಳು, ಮೈಸೂರು

ಥ್ಯಾಂಕ್ಸ್. ಲಸಿಕೆಗೆ ಮುಂಚೆ ಅಮ್ಮನ ಡಾಕ್ಟರ್ ಬಿಪಿ, ಶುಗರ್ ಎಲ್ಲ ನೋಡಿ ಆಮೇಲೆಯೇ ಒಪ್ಪಿದರು. ಎರಡು ತಿಂಗಳು ಮುಂಚೆಯೇ ಶುರು ಮಾಡಿದ್ದು ಒಳ್ಳೆಯದಾಯಿತು.

ಇನ್ನೊಂದು ಎಚ್ಚರಿಕೆ. ಚಿಕ್ಕ ವಿಮಾನದಲ್ಲಿ ಒಬ್ಬರಿಗೆ 15 ಕಿಲೋ ಮಾತ್ರ, ಕೈಚೀಲವೂ ಸೇರಿ. ಬ್ಯಾಗ್ ಮೆತ್ತಗಿರಬೇಕು. ಗಟ್ಟಿ ಸೂಟ್‌ಕೇಸ್ ವಿಮಾನದ ಹೊಟ್ಟೆಯೊಳಗೆ ಹಿಡಿಸುವುದಿಲ್ಲ. ಟಿಕೆಟ್ ಮಾಡಿಕೊಟ್ಟವರು ನಮಗೆ ಇದನ್ನು ಹೇಳಿರಲಿಲ್ಲ. ವಿಲ್ಸನ್‌ನಲ್ಲಿ ನೆಲದ ಮೇಲೆ ಕೂತು ಸೂಟ್‌ಕೇಸ್ ಬಿಚ್ಚಿ, ಅರ್ಧ ಬಟ್ಟೆ ಅಲ್ಲೇ ಬಿಟ್ಟು ಹೋಗಬೇಕಾಯಿತು. ಅಮ್ಮನಿಗೆ ಕಣ್ಣೀರು ಬಂತು. ಅಷ್ಟು ದೂರ ಬಂದು ಹಾಗಾಗಬಾರದಿತ್ತು.

ಕಾವೇರಿಕೊಳ್ಳ

ನಾವು ಶುದ್ಧ ಸಸ್ಯಾಹಾರಿಗಳು. ಈರುಳ್ಳಿ, ಬೆಳ್ಳುಳ್ಳಿ ತಿನ್ನುತ್ತೇವೆ, ಮೊಟ್ಟೆ ಇಲ್ಲ. ಊಟ ಹೇಗೆ? ಮೊನ್ನೆ ಒಬ್ಬರು ನಾಲ್ಕು ದಿನ ಬ್ರೆಡ್ ತಿಂದು ಬಂದೆವು ಅಂದರು.

ಹೊಂಗೆನೆರಳು, ಮೈಸೂರು

ಇದರ ಬಗ್ಗೆ ಬರೆಯಲು ನನಗೇ ಖುಷಿ. ಬುಕ್ ಮಾಡುವಾಗಲೇ "ಮೀನು ಇಲ್ಲ, ಕೋಳಿ ಇಲ್ಲ, ಮೊಟ್ಟೆ ಇಲ್ಲ" ಅಂತ ಬಿಡಿಸಿ ಬರೆಯಿರಿ. ಚಿಕ್ಕ ಕ್ಯಾಂಪಿನಲ್ಲಿ ಹದಿನೈದು ಇಪ್ಪತ್ತು ಜನಕ್ಕೆ ಅಡುಗೆ, ಅವರಿಗೆ ಬೇರೆ ಮಾಡುವುದು ಕಷ್ಟವಲ್ಲ. ಆದರೆ ಸಾಮಾನು ನೈರೋಬಿಯಿಂದ ಬರಬೇಕು, ಮುಂಚೆ ಗೊತ್ತಿರಬೇಕು.

ಅಡುಗೆಯವರು ಚಪಾತಿ ಮಾಡಿದರು. ಅಲ್ಲೂ ಅದರ ಹೆಸರು ಚಪಾತಿಯೇ. 1896ರಿಂದ 1901ರವರೆಗೆ ಉಗಾಂಡಾ ರೈಲು ಹಳಿ ಹಾಕಲು ಹೋದ ನಮ್ಮ ದೇಶದ ಕೂಲಿಗಳ ಕಾಲದಿಂದ ಇಂಥ ಅಡುಗೆ ಅಲ್ಲಿ ಊರಿಕೊಂಡಿದೆ. ಸುಕುಮಾ ವಿಕಿ ಅಂತ ಒಂದು ಸೊಪ್ಪಿನ ಪಲ್ಯ, ಜೋಳ ಮತ್ತು ಕಾಳು ಬೇಯಿಸಿದ ಗಿಥೇರಿ, ಜೋಳದ ಹಿಟ್ಟಿನ ಉಗಾಲಿ. ಉಗಾಲಿ ನೋಡಿ ಅಮ್ಮ "ಇದು ನಮ್ಮ ಮುದ್ದೆ ಅಲ್ವಾ" ಅಂದರು. ಜೋಳ ಅಂದರೆ ಮುಸುಕಿನ ಜೋಳ, ಬಿಳಿಯದು.

ಎರಡನೇ ದಿನ ಬೆಳಿಗ್ಗೆ ಒಂದು ಗಂಜಿ ಕೊಟ್ಟರು, ಉಜಿ ಅಂತ. ಅಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ರಾಗಿ ಗಂಜಿ! ಸ್ವಾಹಿಲಿಯಲ್ಲಿ ರಾಗಿಗೆ ವಿಂಬಿ ಅನ್ನುತ್ತಾರೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಪ್ರದೇಶವೇ, ಸಾವಿರಾರು ವರ್ಷದ ಹಿಂದೆ ಅಲ್ಲಿಂದಲೇ ನಮ್ಮ ಕಡೆ ಬಂತು. ಅಮ್ಮ ಅಡುಗೆ ಟೆಂಟಿಗೇ ಹೋಗಿ ಹಿಟ್ಟು ಮುಟ್ಟಿ ನೋಡಿದರು. ಭಾಷೆ ಇಲ್ಲದೆ ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಮಾರನೆಯ ದಿನ ಅಡುಗೆಯವರು ಗಟ್ಟಿಯಾಗಿ ತಿರುವಿ ಮುದ್ದೆಯನ್ನೇ ಕೊಟ್ಟರು.

ಗೀಜಗ_ಗೂಡು

ರಾಗಿ ವಿಷಯ ಓದಿ ಮೈ ಜುಮ್ಮೆಂದಿತು.

ನಾನು ಕಬಿನಿ ಕಡೆ ಒಂದು ರೆಸಾರ್ಟಿನಲ್ಲಿ ನ್ಯಾಚುರಲಿಸ್ಟ್ ಆಗಿ ಕೆಲಸ ಮಾಡುತ್ತೇನೆ. ಗೈಡ್ ಹೇಗಿದ್ದರು? ಹಕ್ಕಿಗಳ ಬಗ್ಗೆ ಏನಾದರೂ ಹೇಳಿದರಾ? ಎಲ್ಲರೂ ಸಿಂಹ ಸಿಂಹ ಅನ್ನುತ್ತಾರೆ.

ಹೊಂಗೆನೆರಳು, ಮೈಸೂರು

ಗೈಡ್ ಅಲ್ಲಿನ ಮಸಾಯಿಯವರೇ. 2005ರಲ್ಲಿ ಶುರುವಾದ ಕೊಯಾಕಿ ಗೈಡಿಂಗ್ ಸ್ಕೂಲಿನಲ್ಲಿ ಕಲಿತವರು. ಕೆನ್ಯಾದಲ್ಲಿ ಗೈಡುಗಳಿಗೆ ಕಂಚು, ಬೆಳ್ಳಿ, ಚಿನ್ನ ಅಂತ ಪರೀಕ್ಷೆ ಇದೆ, ಇವರದು ಬೆಳ್ಳಿ. ಹುಲ್ಲು, ಸಗಣಿ ಉರುಳಿಸುವ ಜೀರುಂಡೆ, ಮೋಡ ಎಲ್ಲದರ ಬಗ್ಗೆ ಹೇಳುತ್ತಿದ್ದರು. ಎರಡನೇ ದಿನದ ಹೊತ್ತಿಗೆ ಅಮ್ಮನಿಗೆ ಏನು ಇಷ್ಟ ಅಂತ ಅವರಿಗೆ ಗೊತ್ತಾಗಿತ್ತು, ಆನೆ ಹಿಂಡಿನ ಹತ್ತಿರ ಜಾಸ್ತಿ ಹೊತ್ತು ನಿಲ್ಲಿಸುತ್ತಿದ್ದರು.

ಅಮ್ಮ ಮೊದಲು ಗಮನಿಸಿದ್ದು ಹೆಣ್ಣಾನೆಗೂ ದಂತ ಇರುವುದನ್ನು. ನಮ್ಮಲ್ಲಿ ದಂತ ಗಂಡಾನೆಗೆ ಮಾತ್ರ ಅಲ್ವಾ. ಮರಿ ಹಾಲು ಕುಡಿಯುತ್ತಿರುವ ತಾಯಿಗೆ ದಂತ ನೋಡಿ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಇಂಪಾಲಾವನ್ನು ನಾನು ಜಿಂಕೆ ಅಂದೆ. ಗೈಡ್ ತಿದ್ದಿದರು. ಜಿಂಕೆಯ ಕೊಂಬು ಉದುರಿ ಮತ್ತೆ ಬೆಳೆಯುತ್ತದೆ, ಇದರದು ಉದುರುವುದೇ ಇಲ್ಲ. ಆ ಬಯಲಲ್ಲಿ ನಮ್ಮ ಚುಕ್ಕಿ ಜಿಂಕೆ ತರಹದ್ದು ಒಂದೂ ಇಲ್ಲವಂತೆ.

ಹಕ್ಕಿ ಅಂದರೆ, ಲೈಲಾಕ್ ರೋಲರ್ ದಾರಿಯುದ್ದಕ್ಕೂ ಸಿಕ್ಕಿತು. ನಮ್ಮ ರಾಜ್ಯದ ಹಕ್ಕಿ ನೀಲಕಂಠದ ದಾಯಾದಿ. ಎದೆ ನೇರಳೆ, ರೆಕ್ಕೆ ಬಿಚ್ಚಿದರೆ ಅದೇ ನೀಲಿ. ಸೆಕ್ರೆಟರಿ ಹಕ್ಕಿ ಹಾವನ್ನು ಕಾಲಲ್ಲಿ ಒದ್ದು ಕೊಲ್ಲುವುದನ್ನೂ ನೋಡಿದೆವು.

ಗೀಜಗ_ಗೂಡು

ಸೆಕ್ರೆಟರಿ ಹಕ್ಕಿ ಬೇಟೆ! ನನ್ನ ಜೀವನದ ಆಸೆ ಅದು. ಒಂದು ಪ್ರಶ್ನೆ. ಅಲ್ಲಿ ಗಾಡಿ ದಾರಿ ಬಿಟ್ಟು ಹುಲ್ಲಿಗೆ ಇಳಿಯಬಹುದು ಅಂತ ಕೇಳಿದ್ದೇನೆ. ನಮ್ಮಲ್ಲಿ ಅದು ಖಡಾಖಂಡಿತ ಇಲ್ಲ, ಇರಲೂಬಾರದು ಅಂತ ನನ್ನ ಅಭಿಪ್ರಾಯ. ನೆಲ ಹಾಳಾಗುವುದಿಲ್ಲವಾ?

ಹೊಂಗೆನೆರಳು, ಮೈಸೂರು

ನಾನೂ ಕೇಳಿದೆ. ಗಾಡಿ ಕಡಿಮೆ ಇರುವುದರಿಂದ ಮಾತ್ರ ಅದು ಸಾಧ್ಯ ಅಂದರು. ಮಳೆ ಬಂದು ನೆಲ ಮೆತ್ತಗಿದ್ದ ದಿನ ನಮ್ಮ ಗೈಡ್ ಇಳಿಯಲಿಲ್ಲ. ದೂರದಲ್ಲಿ ಚಿರತೆ ಮರದ ಮೇಲಿತ್ತು, ದುರ್ಬೀನಿನಲ್ಲೇ ನೋಡಿದೆವು. ನನಗೆ ಅದು ಸರಿ ಅನ್ನಿಸಿತು.

ಗಾಡಿ ಯಾಕೆ ಕಡಿಮೆ ಅಂತ ಹೇಳುತ್ತೇನೆ. ನಾನು ಈ ಬರಹ ಶುರು ಮಾಡಿದ್ದೇ ಅದಕ್ಕಾಗಿ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ಮೀಸಲು ಅಂದರೆ ಸುಮಾರು 1,500 ಚದರ ಕಿಲೋಮೀಟರ್. ಅದರ ಉತ್ತರಕ್ಕೆ, ಪೂರ್ವಕ್ಕೆ ಇರುವ ಬಯಲು ಸರ್ಕಾರದ್ದಲ್ಲ, ಮಸಾಯಿ ಕುಟುಂಬಗಳದ್ದು. ಮೊದಲು ಊರಿಗೆಲ್ಲ ಸೇರಿದ ಜಂಟಿ ಜಮೀನಾಗಿತ್ತು. ಆಮೇಲೆ ಒಬ್ಬೊಬ್ಬರ ಹೆಸರಿಗೆ ಹಂಚಿಕೆಯಾಯಿತು. ಹಂಚಿಕೆ ಆದ ಮೇಲೆ ಏನಾಗುತ್ತದೆ ಅಂತ ನಮಗೆ ಗೊತ್ತಲ್ಲ. ಬೇಲಿ ಹಾಕುತ್ತಾರೆ, ಮಾರುತ್ತಾರೆ, ಉಳುತ್ತಾರೆ. ವೈಲ್ಡ್‌ಬೀಸ್ಟ್ ಪಕ್ಕದ ಟಾಂಜಾನಿಯಾದ ಸೆರೆಂಗೆಟಿಯಿಂದ ಮಾತ್ರ ಬರುವುದಲ್ಲ. ಕೆನ್ಯಾದೊಳಗಿನ ಲೋಯಿಟಾ ಬಯಲಿನಿಂದ ಬರುವ ಇನ್ನೊಂದು ವಲಸೆ ಇದೆ. ಅದು ಬೇಲಿಗಳಿಂದಲೇ ಬಹಳ ಸೊರಗಿಹೋಗಿದೆ.

ಅದಕ್ಕೆ ಜಮೀನಿನವರೂ ಕೆಲವು ಕ್ಯಾಂಪಿನವರೂ ಸೇರಿ ಒಂದು ದಾರಿ ಮಾಡಿದರು. ಎಲ್ಲರ ತುಂಡು ಸೇರಿಸಿ ಬೇಲಿ ಇಲ್ಲದೆ ಬಿಡುವುದು. ಕ್ಯಾಂಪುಗಳು ಎಕರೆ ಲೆಕ್ಕದಲ್ಲಿ ಪ್ರತಿ ತಿಂಗಳು ಗುತ್ತಿಗೆ ಹಣವನ್ನು ನೇರ ಜಮೀನಿನವರ ಬ್ಯಾಂಕ್ ಖಾತೆಗೆ ಹಾಕುವುದು. ಪ್ರವಾಸಿಗರು ಬರಲಿ ಬಿಡಲಿ, ಪ್ರಾಣಿ ಕಾಣಲಿ ಬಿಡಲಿ, ಹಣ ಹೋಗಬೇಕು. ನಬೋಯಿಶೋ ಹೀಗೆ 2010ರಲ್ಲಿ ಶುರುವಾಯಿತು. ಸುಮಾರು 500 ಜಮೀನುದಾರರು, 50,000 ಎಕರೆ. 350 ಎಕರೆಗೆ ಒಂದೇ ಟೆಂಟ್ ಅನ್ನುವ ನಿಯಮ. ಲೆಕ್ಕ ಹಾಕಿ. ನಮ್ಮ 8 ಟೆಂಟಿನ ಕ್ಯಾಂಪಿಗೆ 2,800 ಎಕರೆ ಹುಲ್ಲುಗಾವಲು ಬೆನ್ನಿಗಿರಬೇಕು.

ಟೆಂಟು ಕಡಿಮೆ ಆದ್ದರಿಂದ ಗಾಡಿ ಕಡಿಮೆ. ಗಾಡಿ ಕಡಿಮೆ ಆದ್ದರಿಂದ ಚೀತಾ ಎದುರು ನಾವೊಬ್ಬರೇ. ಅದಕ್ಕೇ ಬೆಲೆ ಜಾಸ್ತಿ. ಮೆತ್ತನೆ ಹಾಸಿಗೆಗೆ ಕೊಟ್ಟ ದುಡ್ಡು ಅಂತ ನಾನು ಅಂದುಕೊಂಡಿದ್ದೆ. ಅದರಲ್ಲಿ ಒಂದು ಭಾಗ ಬೇಲಿ ಹಾಕದೇ ಇರುವುದಕ್ಕೆ ಕೊಟ್ಟದ್ದು. ಹಾಗಾಗಿ ಬುಕ್ ಮಾಡುವ ಮುಂಚೆ ಹಾಸಿಗೆ, ಈಜುಕೊಳ ಕೇಳಬೇಡಿ. "ಈ ನೆಲ ಯಾರದು, ಅವರಿಗೆ ತಿಂಗಳಿಗೆ ಹಣ ಹೇಗೆ ಹೋಗುತ್ತದೆ?" ಅಂತ ಕೇಳಿ. ನಾನು ಐದು ಕಡೆ ಇಮೇಲ್ ಹಾಕಿದೆ. ಮೂವರು ಬಿಡಿಸಿ ಉತ್ತರ ಕೊಟ್ಟರು, ಇಬ್ಬರು ಫೋಟೋ ಕಳಿಸಿದರು.

ನೈರೋಬಿ_ಕನ್ನಡತಿ

ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಇನ್ನೊಂದು ಮುಖವೂ ಇದೆ. ಜಮೀನಿನ ಪತ್ರ ಬಹುತೇಕ ಗಂಡಸರ ಹೆಸರಲ್ಲಿದೆ. ತಿಂಗಳ ಹಣ ಅವರ ಖಾತೆಗೇ ಬರುವುದು. ಜಮೀನು ಇಲ್ಲದ ಕುಟುಂಬಕ್ಕೆ ಗುತ್ತಿಗೆ ಹಣವೇ ಇಲ್ಲ. ಬರಗಾಲದಲ್ಲಿ ದನ ಎಲ್ಲಿ ಮೇಯಿಸಬೇಕು ಅನ್ನುವುದು ಪ್ರತಿ ವರ್ಷದ ಜಗಳ. 2020ರಲ್ಲಿ ಕೊರೊನಾ ಬಂದು ಪ್ರವಾಸ ನಿಂತಾಗ ಗುತ್ತಿಗೆ ಹಣಕ್ಕೂ ಪೆಟ್ಟು ಬಿತ್ತು. ಪೂರ್ತಿ ಪ್ರವಾಸಿಗರನ್ನೇ ನಂಬಿದರೆ ಹೀಗಾಗುತ್ತದೆ ಅಂತ ಆಗ ಎಲ್ಲರಿಗೂ ಅರ್ಥವಾಯಿತು.

ಮೀಸಲಿನ ಒಳಗಂತೂ ಹೊಸ ಲಾಡ್ಜ್‌ಗಳ ಒತ್ತಡ ನಿಂತಿಲ್ಲ. 2025ರಲ್ಲಿ ಸ್ಯಾಂಡ್ ನದಿ ದಡದಲ್ಲಿ ತೆರೆದ ಒಂದು ಲಾಡ್ಜ್ ವಲಸೆಯ ದಾರಿಗೆ ಅಡ್ಡ ಅಂತ ಇಲ್ಲಿನ ನಾರೋಕ್ ಪಟ್ಟಣದ ಕೋರ್ಟಿಗೆ ಕೇಸು ಹೋಗಿತ್ತು. ಚಿಕ್ಕದು, ಐಷಾರಾಮಿ ಅಂದ ಮಾತ್ರಕ್ಕೆ ಕಾಡಿಗೆ ಒಳ್ಳೆಯದು ಅಂತಲ್ಲ.

ಹೊಂಗೆನೆರಳು, ಮೈಸೂರು

ನೀವು ಹೇಳಿದ್ದು ಸರಿ. ಹೆಂಗಸರ ವಿಷಯ ನನ್ನ ಕಣ್ಣಿಗೂ ಬಿತ್ತು. ಕ್ಯಾಂಪಿನಲ್ಲಿ 30 ಜನ ಕೆಲಸಗಾರರಲ್ಲಿ ಹೆಂಗಸರು ಆರು. ಹತ್ತಿರದ ಹಳ್ಳಿಗೆ ಹೋದಾಗ ಮಣಿಸರ ಮಾಡುವ ಹೆಂಗಸರು ಸಿಕ್ಕರು. ಮಣಿಯ ದುಡ್ಡು ತಮ್ಮ ಕೈಗೇ ಬರುತ್ತದೆ, ಎಂ-ಪೇಸಾ ಅನ್ನುವ ಮೊಬೈಲ್ ಹಣದ ವ್ಯವಸ್ಥೆಯಲ್ಲಿ, ಅಂತ ಫೋನ್ ತೋರಿಸಿದರು. ಅಮ್ಮ ಎರಡು ಸರ ತಗೊಂಡರು, ಚೌಕಾಸಿ ಮಾಡಲಿಲ್ಲ. ಅವರು ಚೌಕಾಸಿ ಮಾಡದೆ ಏನನ್ನಾದರೂ ತಗೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಾವೇರಿಕೊಳ್ಳ

ನಮ್ಮ ಅತ್ತೆಗೆ 71, ಮಂಡಿ ನೋವು. ಮಗನಿಗೆ 4 ವರ್ಷ. ಇಬ್ಬರನ್ನೂ ಕರೆದುಕೊಂಡು ಹೋಗಬಹುದಾ?

ಹೊಂಗೆನೆರಳು, ಮೈಸೂರು

ಮಗನ ವಿಷಯದಲ್ಲಿ ಮೊದಲು ಕೇಳಿಕೊಳ್ಳಿ. ಬೇಲಿ ಇಲ್ಲದ ಚಿಕ್ಕ ಕ್ಯಾಂಪುಗಳು ಬಹಳಷ್ಟು ಐದಾರು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಸೇರಿಸುವುದಿಲ್ಲ. ರಾತ್ರಿ ಟೆಂಟಿನ ಪಕ್ಕದಲ್ಲೇ ಕಾಡೆಮ್ಮೆ ಮೇಯುತ್ತಿರುತ್ತದೆ, ಅವರು ಹೇಳುವುದು ನ್ಯಾಯವೇ. ಎರಡು ವರ್ಷ ಕಾಯಬಹುದಾದರೆ ಕಾಯಿರಿ, ಆಗ ಅವನಿಗೆ ನೆನಪೂ ಇರುತ್ತದೆ.

ಅತ್ತೆಯವರು ಹೋಗಬಹುದು. ಲ್ಯಾಂಡ್ ಕ್ರೂಸರ್ ಹತ್ತುವ ಮೆಟ್ಟಿಲು ಎತ್ತರ. ನಮ್ಮ ಕ್ಯಾಂಪಿನವರು ಒಂದು ಮರದ ಸ್ಟೂಲ್ ಗಾಡಿಯಲ್ಲೇ ಇಟ್ಟುಕೊಂಡಿದ್ದರು, ಪ್ರತಿ ಸಲ ಇಳಿಸಿ ಇಡುತ್ತಿದ್ದರು. ಮುಂಚೆಯೇ ಹೇಳಿಡಿ. ಊಟದ ಟೆಂಟಿಗೆ ಹತ್ತಿರದ ಟೆಂಟು ಕೇಳಿ. ನಡುವಿನ ಸಾಲಿನಲ್ಲಿ ಕೂರಿಸಿ, ಹಿಂದಿನ ಸೀಟಿನಲ್ಲಿ ಕುಲುಕಾಟ ಜಾಸ್ತಿ. ಮೂರು ಕಡೆ ಅಲೆಯುವ ಪ್ಯಾಕೇಜ್ ಬೇಡ, ಒಂದೇ ಕಡೆ ನಾಲ್ಕು ರಾತ್ರಿ ಇರಿ. ಒಂದು ಬೆಳಿಗ್ಗೆ ಅಮ್ಮ ಸಫಾರಿಗೆ ಬರಲಿಲ್ಲ, ಸುಸ್ತಾಗಿದೆ ಅಂದರು. ನಾನು ಬಂದಾಗ ಟೆಂಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಎದುರಿನ ಅಕೇಶಿಯಾ ಮರದಲ್ಲಿ ಏಳು ಜಿರಾಫೆ ಎಲೆ ಕೀಳುತ್ತಿದ್ದವು. ಎರಡು ಗಂಟೆಯಿಂದ ಅಲ್ಲೇ ಇದ್ದವಂತೆ. "ಓಡಲೇ ಇಲ್ಲ ಕಣೇ. ಓಡೋದು ಬೇಡ ಅನ್ನಿಸ್ತು" ಅಂದರು.

ಗೀಜಗ_ಗೂಡು

ಅಕ್ಕ, ಟಿಪ್ಸ್ ಹೇಗೆ? ನಾನೂ ಅದೇ ಕೆಲಸದಲ್ಲಿರುವವನು, ಕಡಿಮೆ ಕೊಟ್ಟು ಬರಲು ಮನಸ್ಸಿಲ್ಲ.

ಹೊಂಗೆನೆರಳು, ಮೈಸೂರು

ಗೈಡ್‌ಗೆ ಕೈಯಲ್ಲಿ ಬೇರೆ, ಉಳಿದವರಿಗೆಲ್ಲ ಸೇರಿಸಿ ಒಂದು ಪೆಟ್ಟಿಗೆ. ನಾವು ಗೈಡ್‌ಗೆ ಒಬ್ಬರ ಲೆಕ್ಕದಲ್ಲಿ ದಿನಕ್ಕೆ 15 ಡಾಲರ್ ಕೊಟ್ಟೆವು, ಪೆಟ್ಟಿಗೆಗೂ ಅಷ್ಟೇ. ಬಿಸಿನೀರು ಹೊತ್ತವರು, ರಾತ್ರಿ ಕಾದವರು ಎಲ್ಲರಿಗೂ ಪೆಟ್ಟಿಗೆಯಿಂದಲೇ ಹಂಚಿಕೆ, ಅದನ್ನು ಮರೆಯಬೇಡಿ. ನೀವು ಹೋಗುವುದಾದರೆ ಹೇಳಿ, ಅಡುಗೆಯವರಿಗೆ ಅಮ್ಮ ಒಂದು ಕಿಲೋ ಹುರಿದ ಹುರುಳಿ ಹಿಟ್ಟು ಕಳಿಸಬೇಕು ಅಂತಿದ್ದಾರೆ. ಡಬ್ಬಿಯಲ್ಲೇ ಹಾಕಿ ಕೊಡುತ್ತೇನೆ. ಒಯ್ಯಲು ಅಲ್ಲಿನ ನಿಯಮ ಒಪ್ಪುತ್ತದಾ ಅಂತ ನೈರೋಬಿ ಕನ್ನಡತಿಯವರು ಸ್ವಲ್ಪ ವಿಚಾರಿಸಿ ಹೇಳಿದರೆ ಉಪಕಾರ.

ನೈರೋಬಿ_ಕನ್ನಡತಿ

ವಿಚಾರಿಸುತ್ತೇನೆ. ಹುರುಳಿ ಹಿಟ್ಟು ಇಲ್ಲಿನ ಅಂಗಡಿಯಲ್ಲೇ ಸಿಕ್ಕರೆ ನಾನೇ ವಿಲ್ಸನ್‌ನಿಂದ ಕಳಿಸಿಕೊಡುತ್ತೇನೆ, ಸಾಮಾನಿನ ಜೊತೆ ಹೋಗುತ್ತದೆ. ಅಂದಹಾಗೆ ಅಂಗಡಿಗೆ ಇಲ್ಲಿ ದುಕಾ ಅನ್ನುತ್ತಾರೆ, ಗಾಡಿಗೆ ಗಾರಿ. ಅಮ್ಮನಿಗೆ ಹೇಳಿ, ಮುಂದಿನ ಸಲ ಭಾಷೆಗೆ ಅಷ್ಟು ಕಷ್ಟಪಡಬೇಕಾಗಿಲ್ಲ.